ಬಿತ್ತದವರ ಸುಗ್ಗಿ

ಕಾರ್ತಿಕದಿಂದ ಮಾಘದವರೆಗೆ ನಮ್ಮ ಕಾಡು, ಕುರುಚಲು, ಹೊಲದ ಬದುಗಳಲ್ಲಿ ಯಾರೂ ಬಿತ್ತದ ಸುಗ್ಗಿಯೊಂದು ನಡೆಯುತ್ತದೆ. ಬೆಟ್ಟದ ನೆಲ್ಲಿ ಬಲಿಯುತ್ತದೆ. ಸಂಕ್ರಾಂತಿಯ ಹೊತ್ತಿಗೆ ಎಲಚಿ ಹಣ್ಣಾಗುತ್ತದೆ. ಮಳೆಗಾಲದಲ್ಲಿ ಮರಕ್ಕೆ ಹಬ್ಬಿದ್ದ ಕಾಡುಗೆಣಸಿನ ಬಳ್ಳಿ ಒಣಗಿ, ಗೆಡ್ಡೆ ಅಗೆಯುವ ಕಾಲ ಬರುತ್ತದೆ. ನೆಲ್ಲಿಕಾಯಿ ಜಗಿದು ನೀರು ಕುಡಿದಾಗ ಒಗರು ಸಿಹಿಯಾಗುವ ಸುಖವನ್ನು ಬಲ್ಲವರಿಗೆ ವಿವರಿಸಬೇಕಿಲ್ಲ. ವಿವರಿಸಬೇಕಾದದ್ದು ಆ ಸುಖದ ನ್ಯಾಯವನ್ನು. ಉತ್ತವನಿಗೆ ಬೆಳೆ ಸಲ್ಲಬೇಕು ಎಂಬುದು ಎಲ್ಲರಿಗೂ ಒಪ್ಪಿಗೆಯಾಗುವ ಮಾತು. ಯಾರೂ ಉಳದೆ ಬೆಳೆದದ್ದು ಯಾರಿಗೆ ಸಲ್ಲಬೇಕು? ಇದಕ್ಕೆ ಎರಡು ಉತ್ತರಗಳು ಸದಾ ಸಿದ್ಧವಾಗಿರುತ್ತವೆ. ಅದು ಯಾರದೂ ಅಲ್ಲ, ಆದ್ದರಿಂದ ಮೊದಲು ಕೈಹಾಕಿದವರದು ಎಂಬುದು ಒಂದು. ಅದು ದೇವರದು, ಇಲ್ಲವೇ ಸರ್ಕಾರದ್ದು, ಆದ್ದರಿಂದ ಮುಟ್ಟಬೇಡಿ ಎಂಬುದು ಇನ್ನೊಂದು. ಎದುರುಬದುರು ನಿಂತಂತೆ ಕಂಡರೂ ಎರಡೂ ಒಡೆತನದ ಲೆಕ್ಕದಲ್ಲೇ ಸಿಕ್ಕಿಬಿದ್ದಿವೆ. ಆಯ್ದು ತಿನ್ನುವವನಿಗೆ ಇರುವುದು ಒಡೆತನವಲ್ಲ, ಒಂದು ಪಾಲು. ಆ ಪಾಲಿನ ಅಳತೆ ತಿಳಿದಾಗ ಮಾತ್ರ ಅವನ ಸುಖ ನ್ಯಾಯವಾದದ್ದು ಎಂಬುದು ನನ್ನ ವಾದ.

ಕಾಡಿನ ಆಹಾರಕ್ಕೆ ನಮ್ಮ ಧರ್ಮಗ್ರಂಥಗಳು ಕೊಟ್ಟಿರುವ ಗೌರವ ದೊಡ್ಡದು. ವಾನಪ್ರಸ್ಥನಾದವನು ಉತ್ತ ನೆಲದಲ್ಲಿ ಬೆಳೆದದ್ದನ್ನು, ಯಾರೋ ಬೇಡವೆಂದು ಬಿಸಾಡಿದ್ದರೂ, ತಿನ್ನಬಾರದು ಎಂದು ಮನುಸ್ಮೃತಿಯ ಆರನೆಯ ಅಧ್ಯಾಯ ವಿಧಿಸುತ್ತದೆ. ಋಷಿಪಂಚಮಿಯ ವ್ರತದಲ್ಲಿ ಎತ್ತು ಉತ್ತ ನೆಲದ ಧಾನ್ಯವನ್ನು ಬಿಡುವ ರೂಢಿ ಇಂದಿಗೂ ಇದೆ. ಇದನ್ನು ಓದಿದವರು ಸಾಮಾನ್ಯವಾಗಿ ಕಾಡಿನದು ಶುದ್ಧ, ನಾಡಿನದು ಮಲಿನ ಎಂಬ ತೀರ್ಮಾನಕ್ಕೆ ಬಂದುಬಿಡುತ್ತಾರೆ. (ಈಗಿನ ‘ಕಾಡು ಊಟ’ದ ಜಾಹೀರಾತುಗಳೂ ಅದನ್ನೇ ಹೇಳುತ್ತವೆ, ಬೆಲೆ ಸೇರಿಸಿ.) ಆದರೆ ಅದೇ ಅಧ್ಯಾಯದಲ್ಲಿ, ಈ ನಿಷೇಧದ ಹಿಂದಿನ ಶ್ಲೋಕದಲ್ಲೇ ಬೇರೊಂದು ಮಾತಿದೆ. ಹಿಂದೆ ಕೂಡಿಟ್ಟ ಕಾಡು ಧಾನ್ಯವನ್ನೂ ಗೆಡ್ಡೆ ಹಣ್ಣುಗಳನ್ನೂ ಆಶ್ವಯುಜ ಮಾಸದಲ್ಲಿ ಚೆಲ್ಲಿಬಿಡಬೇಕಂತೆ. ಚಳಿಗಾಲ ಹೊಸ್ತಿಲಿಗೆ ಬಂದಾಗ, ಕೂಡಿಡುವುದೇ ಜಾಣತನವೆಂದು ಲೋಕವೆಲ್ಲ ನಂಬಿರುವಾಗ, ಇದ್ದ ದಾಸ್ತಾನನ್ನೂ ಬಿಡು ಎಂಬ ಆಜ್ಞೆ ಇದು. ಕಾಡಿನದ್ದಾಗಿದ್ದರಿಂದಲೇ ಆಹಾರ ಪವಿತ್ರವಾಗುವುದಾಗಿದ್ದರೆ ಈ ಆಜ್ಞೆ ಬೇಕಿರಲಿಲ್ಲ. ಪಾವಿತ್ರ್ಯ ಗೆಣಸಿನೊಳಗಿಲ್ಲ, ಕೂಡಿಡದ ಕೈಯಲ್ಲಿದೆ.

ಇದೇ ಮಾತಿಗೆ ಇನ್ನೂ ಹರಿತವಾದ ಸಾಕ್ಷಿ ನಮ್ಮ ಶರಣರ ಕಲ್ಯಾಣದಲ್ಲೇ ಸಿಗುತ್ತದೆ. ಆಯ್ದಕ್ಕಿ ಮಾರಯ್ಯನ ಕಾಯಕ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿ ಆಯುವುದು. ಅದೂ ಒಂದರ್ಥದಲ್ಲಿ ಯಾರಿಗೂ ಸೇರದ ಧಾನ್ಯವೇ. ಒಂದು ದಿನ ಅವನು ಎಂದಿಗಿಂತ ಹೆಚ್ಚು ಆಯ್ದು ತಂದಾಗ ಹೆಂಡತಿ ಲಕ್ಕಮ್ಮ ಒಪ್ಪಲಿಲ್ಲ. ಮಿಕ್ಕಿದ್ದನ್ನು ಅಲ್ಲೇ ಸುರಿದು ಬರಲು ಕಳಿಸಿದಳು. ಅವನು ಕದ್ದಿರಲಿಲ್ಲ. ಯಾರ ಪಾಲನ್ನೂ ಕಿತ್ತುಕೊಂಡಿರಲಿಲ್ಲ. ಒಡೆತನದ ಲೆಕ್ಕದಲ್ಲಿ ಅವನ ಮೇಲೆ ಹೊರಿಸಬಹುದಾದ ದೋಷವೇ ಇಲ್ಲ. ಆದರೂ ಲಕ್ಕಮ್ಮನ ಕಣ್ಣಿಗೆ ತಪ್ಪು ಕಂಡದ್ದು ಅಳತೆಯಲ್ಲಿ. ಹೆಚ್ಚಾದ ಆ ಅಕ್ಕಿಯಲ್ಲಿ ಅವಳು ಕಂಡದ್ದು ನಾಳೆಯ ಭಯವನ್ನು ಮತ್ತು ಆಸೆಯನ್ನು.

ಇಲ್ಲಿ ಜೈನರ ಆಕ್ಷೇಪವನ್ನು ಎದುರಿಸದೆ ಮುಂದೆ ಹೋಗುವಂತಿಲ್ಲ. ಕೊಡದೆ ಇರುವುದನ್ನು ತೆಗೆದುಕೊಳ್ಳುವುದೇ ಕಳ್ಳತನ. ಮರ ನಮಗೆ ಕೊಟ್ಟಿತೆಂದು ಹೇಳುವವರು ಯಾರು? ಗೆಡ್ಡೆಯಂತೂ ಅನಂತ ಜೀವಗಳ ಮನೆ, ಅಗೆಯಲೇಬಾರದು. ಗಟ್ಟಿಯಾದ ಆಕ್ಷೇಪ ಇದು. ಮುನಿಯ ವ್ರತ ನಡೆಯಬೇಕಾದರೆ ಕಿತ್ತು ಬೇಯಿಸುವ ಗೃಹಸ್ಥನೊಬ್ಬ ಬೇಕಲ್ಲವೇ ಎಂದು ತಿರುಗಿ ಕೇಳಬಹುದು, ಆದರೆ ಅದು ವಾದದಲ್ಲಿ ಗೆಲ್ಲುವ ಉತ್ತರವಷ್ಟೆ. ನಿಜವಾದ ಉತ್ತರವನ್ನು ಜೈನರೇ ಚಿತ್ರವಾಗಿ ಬರೆದಿಟ್ಟಿದ್ದಾರೆ. ಶ್ರವಣಬೆಳಗೊಳದ ಜೈನಮಠದ ಗೋಡೆಚಿತ್ರಗಳಲ್ಲಿ, ಮನಸ್ಸಿನ ಶುದ್ಧಿಯ ಮಟ್ಟಗಳನ್ನು ಬಣ್ಣಗಳ ಹೆಸರಿನಲ್ಲಿ ಹೇಳುವ ಲೇಶ್ಯಾವೃಕ್ಷವಿದೆ. ಹಸಿದ ಆರು ಜನ, ಹಣ್ಣು ತುಂಬಿದ ಒಂದೇ ಮರ. ಕೃಷ್ಣಲೇಶ್ಯೆಯವನು ಬುಡಕ್ಕೇ ಕೊಡಲಿ ಹಾಕಹೊರಡುತ್ತಾನೆ. ಮುಂದಿನವನಿಗೆ ದೊಡ್ಡ ಕೊಂಬೆ ಸಾಕು, ಅವನ ನಂತರದವನಿಗೆ ರೆಂಬೆ, ಆಮೇಲಿನವನಿಗೆ ಗೊಂಚಲು, ಐದನೆಯವನಿಗೆ ಮಾಗಿದ ಹಣ್ಣು ಮಾತ್ರ. ಶುಕ್ಲಲೇಶ್ಯೆಯವನು ಕೆಳಗೆ ಬಿದ್ದದ್ದನ್ನು ಆಯ್ದು ತೃಪ್ತನಾಗುತ್ತಾನೆ. ಹಸಿವು ಆರು ಜನರಲ್ಲೂ ಒಂದೇ. ತಿನ್ನಬೇಡಿ ಎಂದು ಈ ಕಥೆ ಹೇಳುವುದಿಲ್ಲ. ತೆಗೆದುಕೊಳ್ಳುವುದರಲ್ಲೇ ಮೆಟ್ಟಿಲುಗಳಿವೆ ಎನ್ನುತ್ತದೆ. ಆದರೆ ಕಾಡಿನ ಮುಂದೆ ಈ ಚಿತ್ರಕ್ಕೂ ಒಂದು ತೊಡಕಿದೆ. ಉದುರಿದ ನೆಲ್ಲಿಕಾಯಿ ಜಿಂಕೆಗಳ ಮೇವು. ಅವು ನುಂಗಿ, ಮೆಲುಕು ಹಾಕುವಾಗ ಬೀಜ ಉಗುಳುವುದರಿಂದ ನೆಲ್ಲಿ ಬೇರೆಡೆ ಹುಟ್ಟುತ್ತದೆ. ಹಾಗಾಗಿ ಬಿದ್ದದ್ದನ್ನೆಲ್ಲ ಬಳಿದುಕೊಂಡು ಹೋದ ಶುಕ್ಲಲೇಶ್ಯೆಯವನು, ಮರದಲ್ಲೊಂದಷ್ಟು ಉಳಿಸಿ ಕಿತ್ತವನಿಗಿಂತ ಹೆಚ್ಚು ಕೆಡಿಸಿರಬಹುದು. ಮನಸ್ಸು ಶುದ್ಧವಿದ್ದರೆ ಸಾಲದು. ಆ ಮರ, ಆ ವರ್ಷ, ಅದನ್ನು ತಿನ್ನುವ ಇತರರು ಯಾರು ಎಂಬುದೂ ಗೊತ್ತಿರಬೇಕು.

ಹಾಗೆ ಬಲ್ಲವರು ಇದ್ದಾರೆ. ಬಿಳಿಗಿರಿರಂಗನ ಬೆಟ್ಟದ ಸೋಲಿಗರಿಗೆ ಚಳಿಗಾಲವೆಂದರೆ ನೆಲ್ಲಿಯ ಕಾಲ. ಗೆಣಸು ಅಗೆದ ಮೇಲೆ ಬಳ್ಳಿಯ ತಲೆಯನ್ನು ಮತ್ತೆ ಅದೇ ಗುಂಡಿಗೆ ಇಟ್ಟು ಮಣ್ಣು ಮುಚ್ಚುವ ರೂಢಿ ಕಾಡುಜನರಲ್ಲಿ ಹಳೆಯದು. ಪ್ರಾಣಿಗಳಿಗೂ ದೇವರಿಗೂ ಪಾಲು ಬಿಡುವುದೂ ಹಾಗೆಯೇ. ವನ್ಯಜೀವಿ ಕಾಯ್ದೆಗೆ 2002ರಲ್ಲಿ ತಿದ್ದುಪಡಿಯಾದ ಮೇಲೆ ಅಭಯಾರಣ್ಯದೊಳಗೆ ಮಾರಾಟಕ್ಕೆಂದು ಕಾಯಿ, ಜೇನು ಸಂಗ್ರಹಿಸುವುದು ನಿಂತಿತು. ಮನುಷ್ಯ ಕೈತೆಗೆದರೆ ಕಾಡು ತಾನೇ ಚೇತರಿಸಿಕೊಳ್ಳುತ್ತದೆ ಎಂಬುದು ಅದರ ಹಿಂದಿದ್ದ ನಂಬಿಕೆ. ಆದರೆ ನೆಲ್ಲಿಮರಗಳನ್ನು ಹೀರುವ ಬಂದಳಿಕೆ ಅಲ್ಲಿ ದೊಡ್ಡ ಪಿಡುಗಾಗಿತ್ತು, ನೆಲದಲ್ಲಿ ಲಂಟಾನ ಕವಿದಿತ್ತು. ಚಳಿಗಾಲದ ಕೊನೆಯಲ್ಲಿ ತಾವು ಹಾಕುತ್ತಿದ್ದ ತರಗು ಬೆಂಕಿಯನ್ನು ಇಲಾಖೆ ನಿಲ್ಲಿಸಿದ್ದೇ ಇವೆರಡಕ್ಕೂ ಕಾರಣ ಎಂದು ಸೋಲಿಗರು ಹೇಳುತ್ತ ಬಂದಿದ್ದಾರೆ. ಸಂಶೋಧಕರೂ ಆ ಮಾತನ್ನು ದಾಖಲಿಸಿ, ಗಂಭೀರವಾಗಿ ತೆಗೆದುಕೊಂಡಿದ್ದಾರೆ. ಯಾವ ಮರಕ್ಕೆ ಬಂದಳಿಕೆ ಹತ್ತಿದೆ ಎಂದು ಕಾಣುವುದು ವರ್ಷವರ್ಷವೂ ಅದರ ಬುಡಕ್ಕೆ ಹೋಗುವವನಿಗೆ. ಹೋಗುವುದನ್ನೇ ತಡೆದರೆ ನೋಡುವ ಕಣ್ಣೂ ಇಲ್ಲವಾಗುತ್ತದೆ.

ಇದು ಹಾಡಿಯ ಊಟಕ್ಕೆ ಸರಿ, ಚ್ಯವನಪ್ರಾಶದ ಮಾರುಕಟ್ಟೆ ಬಾಗಿಲಿಗೆ ಬಂದಾಗ ಯಾವ ಅಳತೆ ನಿಲ್ಲುತ್ತದೆ ಎಂದು ಕೇಳುವವರಿದ್ದಾರೆ. ಪ್ರಶ್ನೆ ನ್ಯಾಯವಾದದ್ದೇ. ಕಾಯಿಗೋಸ್ಕರ ಕೊಂಬೆಗಳನ್ನೇ ಕಡಿದ ಉದಾಹರಣೆಗಳಿವೆ. ಬುಡಕಟ್ಟಿನವನೆಂದ ಮಾತ್ರಕ್ಕೆ ಯಾರೂ ಸಂತನಾಗುವುದಿಲ್ಲ. ಆದರೆ ಅಳತೆ ಕೆಡುವುದು ಮಾರಿದ್ದರಿಂದಲ್ಲ, ಮತ್ತೆ ಬರುವ ಭರವಸೆ ಇಲ್ಲದ್ದರಿಂದ. ಈ ಒಂದು ವರ್ಷಕ್ಕೆ ಹರಾಜು ಹಿಡಿದವನಿಗೆ ಮುಂದಿನ ವರ್ಷದ ಹೂವಿನ ಹಂಗಿಲ್ಲ. ಮುಂದಿನ ಕಾರ್ತಿಕದಲ್ಲೂ ಇದೇ ಮರಕ್ಕೆ ಬರುವವನಿಗೆ ಇದೆ. ಹಾಗಾದರೆ ಅದು ಸ್ವಾರ್ಥವಾಯಿತೇ ಹೊರತು ಧರ್ಮವಲ್ಲ ಎನ್ನಬಹುದು. ನನಗೆ ಇವೆರಡರ ನಡುವೆ ಅಷ್ಟು ದೊಡ್ಡ ಕಂದಕ ಕಾಣುವುದಿಲ್ಲ. ಬಿಟ್ಟುಕೊಟ್ಟು ಅನುಭವಿಸು ಎಂದು ಈಶಾವಾಸ್ಯದ ಮೊದಲ ಮಂತ್ರ ಹೇಳುವಾಗ ಅನುಭವಿಸಬೇಡ ಎಂದು ಅದರ ಅರ್ಥವಲ್ಲ. ಉತ್ಥಾನ ದ್ವಾದಶಿಯಂದು ಕಾಯಿಬಿಟ್ಟ ನೆಲ್ಲಿಯ ಕೊಂಬೆಯನ್ನು ತುಳಸಿಕಟ್ಟೆಗೆ ನೆಟ್ಟು ಪೂಜಿಸುವ, ಕಾರ್ತಿಕದಲ್ಲಿ ಅದೇ ಮರದಡಿ ವನಭೋಜನ ಮಾಡುವ ನಾಡು ಇದು. ಇಲ್ಲಿ ರುಚಿಯನ್ನು ಪಾಪವೆಂದು ಯಾರೂ ಕಂಡಿಲ್ಲ. ಕೋಟಿ ಕೋಟಿ ಜನರನ್ನು ಕಾಡು ಸಾಕಲಾರದು ಎಂಬುದೂ ನಿಜ. ಪಟ್ಟಣದವರು ವಾರಾಂತ್ಯಕ್ಕೆ ಚೀಲ ಹಿಡಿದು ಬೆಟ್ಟ ಹತ್ತಬೇಕೆಂದು ನಾನು ಹೇಳುತ್ತಿಲ್ಲ; ಅಳತೆ ಗೊತ್ತಿಲ್ಲದವರಿಗೆ ಅಲ್ಲಿ ಪಾಲಿಲ್ಲ.

ಅಳತೆ ಬಲ್ಲ ಬಿಳಿಗಿರಿಯ ಸೋಲಿಗರಿಗೆ ಸಾಮುದಾಯಿಕ ಅರಣ್ಯ ಹಕ್ಕುಗಳು ಸಿಕ್ಕಿದ್ದು 2011ರಲ್ಲಿ, ಆ ಬೆಟ್ಟ ಹುಲಿ ಸಂರಕ್ಷಿತ ಪ್ರದೇಶವಾದ ವರ್ಷದಲ್ಲೇ. 2006ರ ಅರಣ್ಯ ಹಕ್ಕು ಕಾಯ್ದೆ ತನ್ನ ಮೂರನೆಯ ಕಲಮಿನಲ್ಲಿ ಕಿರು ಅರಣ್ಯ ಉತ್ಪನ್ನಗಳ ಮೇಲೆ ಒಡೆತನ ಎಂದೇ ಬರೆಯಬೇಕಾಯಿತು, ಕೋರ್ಟಿಗೆ ಅರ್ಥವಾಗುವ ಭಾಷೆ ಅದೊಂದೇ. ಆದರೆ ಕಾಡನ್ನೂ ಅದರ ಜೀವಿಗಳನ್ನೂ ಕಾಪಾಡುವ ಅಧಿಕಾರವನ್ನು ಅದೇ ಕಾಯ್ದೆಯ ಐದನೆಯ ಕಲಮು ಆ ಹಕ್ಕುದಾರರಿಗೂ ಅವರ ಗ್ರಾಮಸಭೆಗೂ ಕೊಟ್ಟಿದೆ.