ಆಟದಲ್ಲಿ ಕೊಟ್ಟ ಮಾತು

2023ರ ಜನವರಿ 19ರಂದು ರೋಮಿನ ಪಲಾಝೊ ಬ್ರಾಂಕಾಚ್ಚೊ ಎಂಬ ಅರಮನೆಯಲ್ಲಿ ಒಂದು ಮದುವೆ ನಡೆಯಿತು. ವಧೂವರರು ಒಟ್ಟು ನಾಲ್ವರು: ಮೊನೆಸ್ಕಿನ್ ರಾಕ್ ತಂಡದ ಗಾಯಕ ಡಮಿಯಾನೊ ಡಾವಿಡ್, ಬೇಸ್ ನುಡಿಸುವ ವಿಕ್ಟೋರಿಯಾ ಡಿ ಆಂಜೆಲಿಸ್, ಗಿಟಾರಿನ ಥಾಮಸ್ ರಾಜ್ಜಿ, ಡ್ರಮ್ಸಿನ ಈಥನ್ ಟೋರ್ಕಿಯೊ. ನಾಲ್ವರೂ ಪರಸ್ಪರ ಮದುವೆಯಾದರು. ಪೌರೋಹಿತ್ಯ ಅಲೆಸ್ಸಾಂದ್ರೊ ಮಿಕೇಲೆಯದು. ಗುಚ್ಚಿ ಕಂಪನಿಯ ಉಡುಪುಗಳ ವಿನ್ಯಾಸ ನೋಡಿಕೊಳ್ಳುತ್ತಿದ್ದು, ಎರಡು ತಿಂಗಳ ಹಿಂದಷ್ಟೇ ಅಲ್ಲಿಂದ ಹೊರಬಂದಿದ್ದವನು. ಮಾರನೆಯ ದಿನ ತಂಡದ ‘ರಶ್!’ ಆಲ್ಬಂ ಬಿಡುಗಡೆಯಾಯಿತು. ಪ್ರಚಾರದ ಗಿಮಿಕ್ಕು ಅಂತ ಜನ ನಕ್ಕರು. ನನಗೆ ಮಾತ್ರ ಅದು ತಲೆ ತಿನ್ನುವ ಪ್ರಶ್ನೆಯಾಯಿತು. ಆಟಕ್ಕೆಂದು ಆಡಿದ ಪ್ರತಿಜ್ಞೆಗೆ ಏನಾದರೂ ತೂಕ ಇರುತ್ತದೆಯೇ?

ಕ್ಯಾಥೊಲಿಕ್ ಚರ್ಚಿನ ಕಾನೂನಿನ ಲೆಕ್ಕದಲ್ಲಿ ಅದು ಮದುವೆಯೇ ಅಲ್ಲ. ಗಂಡು ಹೆಣ್ಣು ಇಬ್ಬರೇ ಇರಬೇಕು; ಟ್ರೆಂಟ್ ಪರಿಷತ್ತು 1563ರಲ್ಲಿ ಪಾದ್ರಿಯೂ ಸಾಕ್ಷಿಗಳೂ ಕಡ್ಡಾಯ ಎಂದಿತು. ಮನಸ್ಸಿನಲ್ಲಿ ಮದುವೆಯನ್ನು ನಿರಾಕರಿಸಿ ಬಾಯಲ್ಲಿ ‘ಒಪ್ಪಿದ್ದೇನೆ’ ಎಂದರೆ ಅದು ಅಸಿಂಧು. ಇದರಲ್ಲಿ ವಾದವಿಲ್ಲ. ಆದರೆ ಇದೇ ಚರ್ಚು ಆಟವನ್ನು ಬಹಳ ಗಂಭೀರವಾಗಿ ತೆಗೆದುಕೊಂಡ ಕಾಲವೊಂದಿತ್ತು. ಅಲೆಕ್ಸಾಂಡ್ರಿಯದ ಸಮುದ್ರದ ದಂಡೆಯಲ್ಲಿ ಮುಂದೆ ಸಂತನಾದ ಅಥನೇಷಿಯಸ್ ಹುಡುಗನಾಗಿದ್ದಾಗ ಬಿಷಪ್ಪನ ವೇಷ ಕಟ್ಟಿ ಜೊತೆಯ ಮಕ್ಕಳಿಗೆ ದೀಕ್ಷಾಸ್ನಾನ ಮಾಡಿಸುತ್ತಿದ್ದನಂತೆ. ನಿಜವಾದ ಬಿಷಪ್ ಅಲೆಕ್ಸಾಂಡರ್ ಅದನ್ನು ಕಂಡು, ಮಕ್ಕಳನ್ನು ಕರೆಸಿ ವಿಚಾರಿಸಿ, ಮಾಡಿದ್ದೆಲ್ಲ ಸರಿಯಾಗಿಯೇ ಇದೆ, ಮತ್ತೆ ಮಾಡಿಸುವುದು ಬೇಡ ಎಂದನಂತೆ. ಕಥೆ ರೂಫಿನಸ್ ಬರೆದ ಚರ್ಚಿನ ಇತಿಹಾಸದಲ್ಲಿದೆ. ಚರಿತ್ರಕಾರರು ನಂಬುವುದಿಲ್ಲ, ಇರಲಿ. ಅದನ್ನು ಉಳಿಸಿಕೊಂಡು ಬಂದವರಿಗೆ ಅದು ಅಸಂಬದ್ಧ ಅನ್ನಿಸಲಿಲ್ಲ ಎಂಬುದೇ ನನಗೆ ಮುಖ್ಯ. ಡೊನಾಟಿಸ್ಟ್ ಎಂಬ ಕ್ರೈಸ್ತ ಪಂಗಡದವರೊಡನೆ ಜಗಳವಾಡುತ್ತ ದೀಕ್ಷಾಸ್ನಾನದ ಬಗ್ಗೆ ಬರೆದ ಸಂತ ಅಗಸ್ಟೀನನಿಗೂ ನಾಟಕದಲ್ಲಿ ತಮಾಷೆಗೆ ಮಾಡಿಸಿದ ಸ್ನಾನದ ಪ್ರಶ್ನೆ ಎದುರಾಯಿತು. ಯಾವುದಕ್ಕೂ ಉತ್ತರವಿಲ್ಲದೆ ಬಿಡದ ಆ ಮನುಷ್ಯ ಇಲ್ಲಿ ಮಾತ್ರ, ಎಲ್ಲರೂ ಸೇರಿ ಪ್ರಾರ್ಥಿಸಿ ದೇವರನ್ನೇ ಕೇಳೋಣ ಎಂಬಂತೆ ಕೈ ಚೆಲ್ಲಿದ.

ನಾನು ಹವ್ಯಾಸಿ ನಾಟಕ ತಂಡವೊಂದರಲ್ಲಿ ಮೇಕಪ್ಪು, ಉಡುಪು ನೋಡಿಕೊಳ್ಳುವವಳು. ನಮ್ಮ ಒಂದು ನಾಟಕದಲ್ಲಿ ತಾಳಿ ಕಟ್ಟುವ ದೃಶ್ಯವಿತ್ತು. ನಾಯಕಿಯ ಪಾತ್ರ ಮಾಡುತ್ತಿದ್ದವಳು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುವ ಹುಡುಗಿ. ತಾಲೀಮಿನ ನಡುವೆ ನನ್ನ ಕಿವಿಯ ಹತ್ತಿರ ಬಂದು, ‘ಅಕ್ಕಾ, ಎರಡೇ ಗಂಟು ಹಾಕೋಕೆ ಹೇಳಿ, ಮೂರನೇದು ಬೇಡ’ ಅಂದಳು. ನಿರ್ದೇಶಕರು ಜೋರಾಗಿ ನಕ್ಕರು. ಆದರೆ ಮೂರನೆಯ ಗಂಟು ಹಾಕಿಸಲಿಲ್ಲ. ದೇವರಿಲ್ಲ ಎಂದು ಭಾಷಣ ಬಿಗಿಯುವ ನಮ್ಮ ನಿರ್ದೇಶಕರಿಗೂ ಆ ಗಂಟು ಬರೀ ದಾರವಾಗಿರಲಿಲ್ಲ.

ಮೊನೆಸ್ಕಿನ್ ತಂಡದ ವಿಷಯದಲ್ಲಿ ಇನ್ನೊಂದು ವಿಚಿತ್ರವಿದೆ. 2021ರ ಮೇ 22ರಂದು ರಾಟರ್‌ಡ್ಯಾಮಿನ ಯೂರೋವಿಷನ್ ಸ್ಪರ್ಧೆಯನ್ನು ಇವರು ‘ಝಿತ್ತಿ ಎ ಬುವೋನಿ’ ಹಾಡಿನಿಂದ ಗೆದ್ದರು. 1964, 1990ರ ನಂತರ ಇಟಲಿಗೆ ಮೂರನೆಯ ಗೆಲುವು. ಅಂಕ ಎಣಿಸುತ್ತಿದ್ದಾಗ ಡಮಿಯಾನೊ ಮೇಜಿನ ಮೇಲೆ ಬಗ್ಗಿದ್ದು ಕ್ಯಾಮೆರಾದಲ್ಲಿ ಕಂಡಿತು. ಕೊಕೇನ್ ಸೇದಿದ ಎಂದು ಯೂರೋಪೆಲ್ಲ ಗುಲ್ಲೆದ್ದಿತು. ಗ್ಲಾಸು ಒಡೆದಿತ್ತು, ಅದನ್ನು ನೋಡುತ್ತಿದ್ದೆ ಎಂದ. ಹಲವರು ನಂಬಲಿಲ್ಲ. ತಾನಾಗಿ ಪರೀಕ್ಷೆ ಮಾಡಿಸಿಕೊಂಡ. ಫಲಿತಾಂಶ ನೆಗೆಟಿವ್ ಬಂತು, ಸಂಘಟಕರು ಪ್ರಕರಣ ಮುಗಿಸಿದರು. ಕಣ್ಣಿಗೆ ಕಪ್ಪು, ಚರ್ಮದ ಉಡುಪು, ಎತ್ತರದ ಹಿಮ್ಮಡಿಯ ಬೂಟು ಹಾಕಿದ ಹುಡುಗ ಬಗ್ಗಿದರೆ ಆಗ ‘ಅದೆಲ್ಲ ನಾಟಕ’ ಅನ್ನುವವರು ಇರಲಿಲ್ಲ. ಅದೇ ಹುಡುಗ ವೇಷ ತೊಟ್ಟು ಮಾತು ಕೊಟ್ಟರೆ ಎಲ್ಲರಿಗೂ ಅದು ಬರೀ ನಾಟಕ. ಕೆಟ್ಟದ್ದಕ್ಕೆ ವೇಷವೇ ಸಾಕ್ಷಿ, ಒಳ್ಳೆಯದಕ್ಕೆ ಅದೇ ವೇಷ ಅಡ್ಡಿ. ಇದು ಅನ್ಯಾಯವೆಂದೇ ನನ್ನ ಮತ. ಇಂಥ ವೇಷದ ಗ್ಲಾಮ್ ರಾಕ್ ಸಂಗೀತ ಹುಟ್ಟಿದ್ದೇ ಇದರ ವಿರುದ್ಧ. ಬಣ್ಣ ಬಳಿದುಕೊಂಡಾಗಲೇ ತಾನು ಹೆಚ್ಚು ತಾನಾಗಿರುತ್ತೇನೆ ಎಂಬ ಹಟ ಅದರದು.

ಹಾಗೆಂದು ಆ ಮದುವೆಗೆ ನಾನು ತಲೆದೂಗುವುದಿಲ್ಲ. ಕಾರಣ ಸಂತ ಜೆನೇಷಿಯಸ್. ಐತಿಹ್ಯದ ಪ್ರಕಾರ, ರೋಮಿನ ಚಕ್ರವರ್ತಿ ಡಯೊಕ್ಲೀಷಿಯನ್ನನ ಎದುರು ಕ್ರೈಸ್ತರನ್ನು ಗೇಲಿ ಮಾಡುವ ಆಟದಲ್ಲಿ ದೀಕ್ಷೆ ಪಡೆಯುವವನ ಪಾತ್ರ ಇವನದು. ಮೈಮೇಲೆ ನೀರು ಬಿದ್ದದ್ದೇ, ನಾನು ನಿಜವಾಗಿ ನಂಬುತ್ತೇನೆ ಎಂದುಬಿಟ್ಟ. ಸಭೆ ನಕ್ಕಿತು, ಅದೂ ಪಾತ್ರದ ಮಾತೆಂದುಕೊಂಡಿತು. ಚಿತ್ರಹಿಂಸೆ ಕೊಟ್ಟರೂ ಬದಲಾಗಲಿಲ್ಲ, ತಲೆ ಕಡಿಸಿದರು. ಇಂದು ಅವನು ನಟರ ಪಾಲಕ ಸಂತ. ಆಟದ ನೀರನ್ನು ನಿಜ ಮಾಡಿದ್ದು ಅವನು ತೆತ್ತ ಬೆಲೆ. ರೋಮಿನ ಆ ಅರಮನೆಯಲ್ಲಿ ಯಾರೂ ಏನನ್ನೂ ತೆರಲಿಲ್ಲ. ಮರುದಿನ ಮಾರಾಟಕ್ಕೆ ಸರಕಿತ್ತು. ಪವಿತ್ರವಾದದ್ದನ್ನು ಆಟವಾಡಿದರೆ ಅಪಚಾರವೆಂದು ನಾನು ಹೇಳಲಾರೆ. ಮಾತಿಗೂ ಮಾರಾಟಕ್ಕೂ ನಡುವೆ ಒಂದು ರಾತ್ರಿಯಷ್ಟೇ ಅಂತರ ಇಟ್ಟದ್ದು ನನಗೆ ಹಿಡಿಸಲಿಲ್ಲ.

ಈ ನಾಲ್ವರು ನಿಜವಾಗಿ ಮಾತು ಕೊಟ್ಟದ್ದು, ನನ್ನ ಪ್ರಕಾರ, ಆ ಮದುವೆಗೆ ಎಷ್ಟೋ ಮೊದಲು. 2016ರಲ್ಲಿ ತಂಡ ಕಟ್ಟಿದಾಗ ಎಲ್ಲರೂ ಹದಿಹರೆಯದವರು. ರೋಮಿನ ವಿಯಾ ದೆಲ್ ಕೋರ್ಸೊ ಬೀದಿಯಲ್ಲಿ ನಿಂತು ನುಡಿಸಿದರು, ದಾರಿಹೋಕರು ಹಾಕಿದ ಚಿಲ್ಲರೆ ಆಯ್ದುಕೊಂಡರು. 2017ರ ‘ಎಕ್ಸ್ ಫ್ಯಾಕ್ಟರ್’ ಟಿವಿ ಸ್ಪರ್ಧೆಯಲ್ಲಿ ಎರಡನೆಯ ಸ್ಥಾನ. 2021ರ ಮಾರ್ಚಿನಲ್ಲಿ ಸಾನ್ರೆಮೊ ಉತ್ಸವದ ಗೆಲುವು, ಅದೇ ನವೆಂಬರಿನಲ್ಲಿ ಲಾಸ್ ವೆಗಾಸಿನಲ್ಲಿ ರೋಲಿಂಗ್ ಸ್ಟೋನ್ಸ್‌ಗಿಂತ ಮೊದಲು ವೇದಿಕೆ. ಆ ಬೀದಿಯಲ್ಲಿ ಪುರೋಹಿತನಿರಲಿಲ್ಲ, ಯಾರೂ ಪ್ರತಿಜ್ಞೆಯ ಮಾತಾಡಲಿಲ್ಲ. ಮರುದಿನ ಮತ್ತೆ ಅಲ್ಲಿಗೆ ಬಂದರು, ಅಷ್ಟೇ. ಲ್ಯಾಟಿನ್ ಚರ್ಚಿನ ಪ್ರಕಾರವೂ ಮದುವೆಯ ಸಂಸ್ಕಾರ ನಡೆಸುವವರು ವಧೂವರರೇ, ಪಾದ್ರಿ ಸಾಕ್ಷಿ ಮಾತ್ರ.

2024ರಲ್ಲಿ ನಾಲ್ವರೂ ಅವರವರ ದಾರಿ ಹಿಡಿದರು. ಡಮಿಯಾನೊನ ಒಂಟಿ ಆಲ್ಬಂ 2025ರ ಮೇ ತಿಂಗಳಲ್ಲಿ ಬಂತು, ವಿಕ್ಟೋರಿಯಾ ಡಿಜೆಯಾಗಿ ಊರೂರು ಸುತ್ತಿದಳು. ಆಟದ ಮದುವೆ ಮುರಿದುಬಿತ್ತು ಎಂದು ಕುಹಕವಾಡುವವರಿಗೆ ಒಂದು ಮಾತು: ಕ್ಯಾಥೊಲಿಕ್ ಕಾನೂನಿನಲ್ಲಿ ವಿಚ್ಛೇದನವಿಲ್ಲ, ಆದರೆ ಬಂಧ ಉಳಿದಿರುವಾಗಲೇ ಬೇರೆ ಬೇರೆ ಬಾಳುವುದಕ್ಕೆ ಅವಕಾಶವಿದೆ.