ಒಣಗದೆ ಉಳಿದ ಗಂಧ

ಮುಳಬಾಗಿಲಿನಲ್ಲಿ ಬೆಳಗಾದದ್ದು ಮೊದಲು ಬಂಡೆಗಳಿಗೆ ಗೊತ್ತಾಗುತ್ತದೆ. ಊರು ಇನ್ನೂ ಮಬ್ಬಿನಲ್ಲಿರುವಾಗಲೇ ಆಂಧ್ರದ ಕಡೆಯ ಆಕಾಶ ಬೂದಿಬಣ್ಣಕ್ಕೆ ತಿರುಗುತ್ತದೆ, ಆ ಬೂದಿಯೊಳಗಿಂದ ಎಳೆಗೆಂಪು ಒಸರುತ್ತದೆ, ಬೆಟ್ಟದ ನೆತ್ತಿಯಲ್ಲಿ ಒಂದರ ಮೇಲೊಂದು ಕೂತ ಗುಂಡುಗಳ ಅಂಚು ನಿಧಾನವಾಗಿ ಇರುಳಿನಿಂದ ಬಿಡಿಸಿಕೊಳ್ಳುತ್ತದೆ. ಮೊದಲು ಒಂದು ಗೆರೆ, ಆಮೇಲೆ ಒಂದು ಮೈ, ಆಮೇಲೆ ಆ ಮೈಮೇಲಿನ ಬಿರುಕು, ಬಿರುಕಿನಲ್ಲಿ ಬೇರೂರಿದ ಹುಲ್ಲು. ಸುಮಾರು 250 ಕೋಟಿ ವರ್ಷದ ಹಿಂದೆ ನೆಲದ ಆಳದಲ್ಲಿ ಹೆಪ್ಪುಗಟ್ಟಿದ ಕಲ್ಲಿದು. ಮೇಲಿನ ಪದರಗಳು ಮಳೆಗೆ, ಬಿಸಿಲಿಗೆ ಸವೆದು ಸವೆದು ಇದು ಬಯಲಿಗೆ ಬಂತು. ದಿನಾ ಬೆಳಗ್ಗೆ ಕತ್ತಲಿನಿಂದ ಹೊರಬರುವ ಈ ಬೆಟ್ಟ ಎಂದೋ ಒಂದು ಕಾಲದಲ್ಲಿ ಮಣ್ಣಿನಿಂದಲೂ ಹೀಗೆಯೇ, ಯಾರಿಗೂ ಕಾಣದಷ್ಟು ಮೆಲ್ಲಗೆ, ಹೊರಬಂದಿತ್ತು ಎಂದು ನೆನೆದಾಗ ಎದೆ ಒಮ್ಮೆ ಸುಮ್ಮನಾಗುತ್ತದೆ.

ಮೂಡಲ ಬಾಗಿಲೇ ಮುಳಬಾಗಿಲಾಯಿತು ಎನ್ನುತ್ತಾರೆ. ಬೆಳಗು ಮೂಡುವುದಕ್ಕೂ ಮನಸ್ಸಿಗೆ ಏನಾದರೂ ಹೊಳೆಯುವುದಕ್ಕೂ ಇಂಗ್ಲಿಷಿನವರಿಗೆ ಇರುವುದು ‘ಡಾನ್’ ಎಂಬ ಒಂದೇ ಮಾತು. ಅವರಲ್ಲಿ ಅದು ಮನುಷ್ಯ ಮಾಡುವ ಕೆಲಸವಲ್ಲ. ವಿಷಯ ತಾನಾಗಿ ಬಂದು ಅವನ ಮೇಲೆ ಬೆಳಕಾಗಿ ಬೀಳುತ್ತದೆ. ಈ ಸೀಮೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ನನಗೆ ಹೊಳೆಯಿತು, ನನಗೆ ಗೊತ್ತಾಯಿತು, ನನಗೆ ಅರಿವಾಯಿತು ಎನ್ನುವಾಗೆಲ್ಲ ‘ನಾನು’ ಹಿಂದೆ ಸರಿದು, ‘ನನಗೆ’ ಎಂಬುದೊಂದೇ ಬೊಗಸೆಯೊಡ್ಡಿ ನಿಂತಿರುತ್ತದೆ. ‘ತಿಳಿದುಕೊಂಡೆ’ ಎಂದೂ ಅನ್ನುತ್ತೇವೆ, ನಿಜ. ಅದು ಓದಿ ಕೇಳಿ ದುಡಿದು ಪಡೆದದ್ದರ ಮಾತು, ಅದರ ಗೌರವ ಅದಕ್ಕಿದೆ. ಆದರೆ ಕದಡಿದ ಕೆರೆಯ ನೀರು ಯಾರೂ ಮುಟ್ಟದೆ ಬಿಟ್ಟಾಗ ಹೊತ್ತಿನ ಮೇಲೆ ತಿಳಿಯಾಗುತ್ತದಲ್ಲ, ಆ ತಿಳಿಯೇ ಬೇರೆ. ಒಂದೇ ಮನೆಯಲ್ಲಿ ಕನ್ನಡವೂ ತೆಲುಗೂ ಓಡಾಡುವ ನಾಡಿದು. ಬೆಳಗಾದರೆ ‘ತೆಲ್ಲವಾರಿಂದಿ’ ಎನ್ನುವ ಅಜ್ಜಿ, ವಿಷಯ ಗೊತ್ತಾದರೆ ‘ತೆಲಿಸಿಂದಿ’ ಎನ್ನುತ್ತಾಳೆ. ಆಕೆಯ ಬಾಯಲ್ಲಿ ಬೆಳ್ಳಗಾಗುವುದೂ ಅರಿವಾಗುವುದೂ ಅಕ್ಕಪಕ್ಕದಲ್ಲೇ ಇವೆ. 1887ರಲ್ಲಿ ಇದೇ ಊರಿನಲ್ಲಿ ಹುಟ್ಟಿದ ಡಿ.ವಿ.ಜಿ. ಮುಂದೆ ಮಂಕುತಿಮ್ಮನ ಬಾಯಿಂದ ಬದುಕಿನ ಒಗಟನ್ನು ಕೇಳಿಸಿದರು. ಬಾಲ್ಯದ ಬೆಳಗುಗಳಲ್ಲಿ ಅವರೂ ಈ ಬಂಡೆಗಳನ್ನು ನೋಡುತ್ತಾ ನಿಂತಿದ್ದಿರಬಹುದೇ ಎಂದು ನಾನು ಎಷ್ಟೋ ಸಲ ಅಂದುಕೊಂಡಿದ್ದೇನೆ.

ಊರಿನಿಂದ ತುಸು ದೂರದ ಕುರುಡುಮಲೆಯಲ್ಲಿ ಕಲ್ಲೇ ಗಣಪತಿಯಾಗಿ ಕೂತಿದೆ. ಹದಿಮೂರೂವರೆ ಅಡಿ ಎತ್ತರದ ಏಕಶಿಲೆ. ಬಿಸಿಲಿನಿಂದ ಒಳಗೆ ಕಾಲಿಟ್ಟವರ ಕಣ್ಣಿಗೆ ಮೊದಲು ಕಾಣುವುದು ಕತ್ತಲೆಯೊಂದೇ. ಎಣ್ಣೆ, ಗರಿಕೆ, ಕರ್ಪೂರದ ವಾಸನೆಯಿಂದ ದಪ್ಪಗಾದ ಕತ್ತಲೆ. ಮಂಗಳಾರತಿಯ ತಟ್ಟೆ ಮೇಲೇಳುತ್ತದೆ. ಬೆಳಕು ಮಡಿಸಿದ ಕಾಲನ್ನು ಸವರಿ ಹೊಟ್ಟೆಯ ದುಂಡಿಗೆ ಏರುತ್ತದೆ, ಸೊಂಡಿಲಿನ ತಿರುವಿನಲ್ಲಿ ಕ್ಷಣಹೊತ್ತು ತಂಗುತ್ತದೆ, ಅಗಲವಾದ ಕಿವಿಯ ಹಿಂದೆ ನೆರಳಾಗಿ ಕರಗುತ್ತದೆ. ನೋಡುವವರ ಕತ್ತು ತಾನಾಗಿ ಮೇಲಕ್ಕೆ ಎತ್ತಿಕೊಳ್ಳುತ್ತದೆ. ಇಡೀ ಮೂರ್ತಿ ಒಂದೇ ಸಲಕ್ಕೆ ಬೆಳಗುವುದಿಲ್ಲ. ಕರ್ಪೂರ ಆರಿ, ಗಂಟೆಯ ನಾದ ಕಲ್ಲಿನೊಳಗೆ ಇಂಗಿದ ಮೇಲೆ, ಕತ್ತಲಿಗೆ ಹೊಂದಿಕೊಂಡ ಕಣ್ಣಿಗೆ ಆ ದೊಡ್ಡ ಮೈ ಅಲ್ಲೇ, ಮೊದಲಿನಿಂದಲೂ ಅಲ್ಲೇ ಕೂತಿರುವುದು ಕಾಣುತ್ತದೆ.

ಅದೇ ಊರಿನ ಸೋಮೇಶ್ವರ ದೇಗುಲದ ಅರ್ಧ ಶಿಲ್ಪಿ ಜಕಣಾಚಾರಿಯದು, ಇನ್ನರ್ಧ ಮಗ ಡಂಕಣನದು ಎಂದು ಜನ ಹೇಳುತ್ತಾರೆ. ಇದು ಐತಿಹ್ಯ; ಶಾಸನದ ಸಾಕ್ಷಿ ಕೇಳುವವರಿಗೆ ಕೊಡಲು ನನ್ನಲ್ಲಿ ಏನೂ ಇಲ್ಲ. ಆದರೆ ಆ ಹೆಸರುಗಳನ್ನು ಕೇಳಿದೊಡನೆ ಮನಸ್ಸು ಬೇಲೂರಿಗೆ ಹೋಗುತ್ತದೆ, ಅಪ್ಪನ ಕೈಯ ವಿಗ್ರಹದ ಮುಂದೆ ನಿಂತು, ಈ ಶಿಲೆಯಲ್ಲಿ ದೋಷವಿದೆ ಎಂದ ಹುಡುಗನ ಬಳಿಗೆ. ಅವರಿಬ್ಬರು ತಂದೆ ಮಕ್ಕಳೆಂಬುದು ಇಬ್ಬರಿಗೂ ಗೊತ್ತಿಲ್ಲ. ವಿಗ್ರಹದ ಮೈಗೆಲ್ಲ ಗಂಧ ಬಳಿಯುತ್ತಾರೆ. ಎಲ್ಲ ಕಡೆ ಗಂಧ ಒಣಗುತ್ತದೆ, ಹೊಕ್ಕುಳ ಬಳಿ ಮಾತ್ರ ಒಣಗುವುದಿಲ್ಲ. ಅಲ್ಲಿ ಉಳಿ ತಾಗಿಸಿದರೆ ನೀರು ಚಿಮ್ಮಿ ಕಪ್ಪೆಯೊಂದು ಹೊರಗೆ ಬರುತ್ತದೆ.

ಕತೆ ಹೇಳುವವರು ಕಪ್ಪೆಯ ಕಡೆಗೆ ಅವಸರದಲ್ಲಿ ಓಡುತ್ತಾರೆ. ನನಗೆ ಬೇಕಾದದ್ದು ಅದರ ಹಿಂದಿನ ಹೊತ್ತು: ತೇದ ಗಂಧದ ಪರಿಮಳ ಹರಡಿಕೊಂಡು, ಸುತ್ತ ನಿಂತ ಶಿಲ್ಪಿಗಳು ಉಸಿರು ಬಿಗಿಹಿಡಿದ ಹೊತ್ತು. ಭುಜದ ಮೇಲಿನ ಹಸಿಹಳದಿ ಬಿಳಿಚಿಕೊಳ್ಳುತ್ತಿದೆ. ತೋಳಿನಲ್ಲಿ ಕೂದಲೆಳೆಯಂಥ ಬಿರುಕುಗಳು ಏಳುತ್ತಿವೆ. ಎದೆ ಒಣಗಿತು, ತೊಡೆ ಒಣಗಿತು. ನಡುವೆ ಅಂಗೈಯಗಲದ ಒಂದು ತೇವ ಮಾತ್ರ ಮಿನುಗುತ್ತಾ ಹಾಗೇ ಉಳಿದಿದೆ. ಯಾರೂ ಮಾತಾಡಿಲ್ಲ, ಯಾರೂ ಏನನ್ನೂ ಸಾಧಿಸಿ ತೋರಿಸಿಲ್ಲ. ವರ್ಷಗಟ್ಟಲೆ ಕಲ್ಲಿನ ಜೊತೆಗೇ ಬದುಕಿದ ಆ ಹಿರಿಯನಿಗೆ ತನ್ನ ಶಿಲೆಯೊಳಗೆ ನೀರಿದೆ, ನೀರಿನಲ್ಲಿ ಜೀವವಿದೆ ಎಂಬುದು, ಉಳಿ ತಾಗುವ ಮುಂಚೆಯೇ, ಆ ಒದ್ದೆಯನ್ನು ನೋಡುತ್ತಾ ನಿಂತಾಗ ಬೆಳಕಾಗಿರಬೇಕು.

ಅಲ್ಲಿಂದ ಮುಂದೆ ಅವನು, ದೋಷವಿದ್ದರೆ ಕೈ ಕಡಿದುಕೊಳ್ಳುತ್ತೇನೆಂದು ಕೊಟ್ಟ ಮಾತಿಗೆ ತಪ್ಪದೆ, ತನ್ನ ಬಲಗೈ ಕಡಿದುಕೊಂಡದ್ದು, ಎದುರಿಗಿದ್ದವನು ಮಗನೆಂದು ತಿಳಿದದ್ದು, ತುಮಕೂರಿನ ಬಳಿಯ ಕೈದಾಳದಲ್ಲಿ ಕೈ ಮರಳಿ ಬಂದದ್ದು ಎಲ್ಲರೂ ಬಲ್ಲ ಕತೆ. ಕುರುಡುಮಲೆಯ ಕಂಬಗಳ ನಡುವೆ ನಿಂತಾಗ ನಾನು ಅದಕ್ಕೆ ನನ್ನದೊಂದು ಎಳೆ ಸೇರಿಸಿಕೊಳ್ಳುತ್ತೇನೆ. ಅಪ್ಪನಿಗೆ ಮಗ ಯಾರೆಂದು ತಿಳಿದ ಮೇಲೆಯೇ ಇಬ್ಬರೂ ಈ ಕಡೆ ಬಂದಿರಬೇಕು, ಒಂದೇ ಗುಡಿಯನ್ನು ಪಾಲು ಹಾಕಿಕೊಂಡು, ಒಬ್ಬರ ಉಳಿಯ ಸದ್ದು ಇನ್ನೊಬ್ಬರಿಗೆ ಕೇಳುವಷ್ಟು ಹತ್ತಿರದಲ್ಲಿ ಕೂತು ಕೆತ್ತಿರಬೇಕು.