ತನ್ನ ಬಗ್ಗೆ ತಾನೇ ನುಡಿಯುವ ಸಾಕ್ಷ್ಯ

ಪದವಿಯ ಕೊನೆಯ ವರ್ಷದವರೆಗೂ ವಿದ್ಯಾರ್ಥಿಯ ಬಗ್ಗೆ ಇತರರು ಮಾತನಾಡುತ್ತಾರೆ. ತಂದೆತಾಯಿ ಹೇಳುತ್ತಾರೆ, ಅಧ್ಯಾಪಕರು ಹೇಳುತ್ತಾರೆ, ಅಂಕಪಟ್ಟಿ ಹೇಳುತ್ತದೆ. ಉದ್ಯೋಗ ಹುಡುಕುವ ದಿನ ಬಂದಾಗ ಮೊದಲ ಬಾರಿಗೆ ಅವನೇ ತನ್ನ ಬಗ್ಗೆ ಬರೆಯಬೇಕಾಗುತ್ತದೆ. ಅಪರಿಚಿತರ ಮುಂದೆ ಕುಳಿತು ಹೇಳಬೇಕಾಗುತ್ತದೆ. ಹೆಚ್ಚಿನವರು ಝೆರಾಕ್ಸ್ ಅಂಗಡಿಯಲ್ಲಿರುವ ಸಿದ್ಧ ನಮೂನೆಗೆ ತಮ್ಮ ಹೆಸರು ಸೇರಿಸಿ ಈ ಕೆಲಸವನ್ನು ಮುಗಿಸಿಬಿಡುತ್ತಾರೆ. ಕೆಳಗೆ, ಮೇಲಿನ ವಿವರಗಳೆಲ್ಲ ಸತ್ಯವೆಂಬ ಸಾಲಿನಡಿ ಸಹಿ ಹಾಕುತ್ತಾರೆ. ಆ ಸಹಿಯಿಂದ ಕಾಗದವು ಸಾಕ್ಷ್ಯವಾಗುತ್ತದೆ ಎಂಬುದನ್ನು ಯಾರೂ ಅವರಿಗೆ ಹೇಳಿರುವುದಿಲ್ಲ.

ಸಭ್ಯ ಮನೆತನದಲ್ಲಿ ಬೆಳೆದ ಯುವಕನಿಗೆ ಇಲ್ಲೊಂದು ನಿಜವಾದ ಇಕ್ಕಟ್ಟಿದೆ. ಆತ್ಮಪ್ರಶಂಸೆ ಸಲ್ಲದೆಂದು ಅವನಿಗೆ ಕಲಿಸಲಾಗಿದೆ. ತಾನು ಪರಿಶುದ್ಧನೆಂದು ಹೇಳಿಕೊಳ್ಳುವುದನ್ನು ಪವಿತ್ರ ಕುರ್‌ಆನ್ ತಡೆದಿದೆ. ಅಧಿಕಾರವನ್ನು ಬೇಡಿ ಪಡೆಯಬಾರದೆಂದು ಪ್ರವಾದಿ(ಸ)ರವರು ತಮ್ಮ ಅನುಚರರೊಬ್ಬರಿಗೆ ಬುದ್ಧಿ ಹೇಳಿದ್ದಾರೆ. ಹಾಗಿರುವಾಗ, "ನಿಮ್ಮನ್ನೇ ಏಕೆ ಆರಿಸಬೇಕು?" ಎಂದು ಸಂದರ್ಶಕರು ಕೇಳಿದರೆ ಅವನು ಏನು ಹೇಳಬೇಕು?

ಇದಕ್ಕೆ ಉತ್ತರ ಪ್ರವಾದಿ ಯೂಸುಫ್(ಅ)ರ ವೃತ್ತಾಂತದಲ್ಲಿದೆ. ಬರಗಾಲ ಬರಲಿದೆಯೆಂದು ತಿಳಿದ ಅವರು ಈಜಿಪ್ಟಿನ ಅರಸನೊಡನೆ ನಾಡಿನ ಭಂಡಾರಗಳ ಹೊಣೆಯನ್ನು ಕೇಳಿದರು. ಅದಕ್ಕೆ ಎರಡು ಅರ್ಹತೆಗಳನ್ನು ಮುಂದಿಟ್ಟರು: ತಾನು ಕಾಪಾಡಬಲ್ಲೆ, ತನಗೆ ಆ ಕೆಲಸದ ಜ್ಞಾನವಿದೆ. ಅವರು ಯಅ್‌ಕೂಬ್(ಅ)ರ ಮಗ, ಇಬ್ರಾಹೀಮ್(ಅ)ರ ಮರಿಮಗ. ಆ ವಂಶದ ಮಾತು ಅರ್ಜಿಯಲ್ಲಿ ಬರಲೇ ಇಲ್ಲ. ಇನ್ನೂ ಒಂದು ಸಂಗತಿಯನ್ನು ಗಮನಿಸಬೇಕು. ಸೆರೆಮನೆಯಿಂದ ಕರೆ ಬಂದಾಗ ಅವರು ಓಡಿಬರಲಿಲ್ಲ. ತನ್ನ ಮೇಲಿದ್ದ ಆರೋಪದ ವಿಚಾರಣೆ ಮೊದಲು ನಡೆಯಲಿ ಎಂದರು. ಇಂದಿನ ಕಂಪೆನಿಗಳು ನೌಕರನ ಪೂರ್ವಾಪರವನ್ನು ತಪಾಸಣೆ ಮಾಡಿಸುತ್ತವೆ. ಯೂಸುಫ್(ಅ) ತಾವೇ ಮುಂದಾಗಿ ಅದನ್ನು ಮಾಡಿಸಿಕೊಂಡರು.

ಹೀಗೆ, ತಪಾಸಣೆಗೆ ಒಡ್ಡಬಹುದಾದ ಸಾಮರ್ಥ್ಯವನ್ನು ಕೆಲಸಕ್ಕೆ ಬೇಕಾದಷ್ಟು ಹೇಳುವುದು ಅಹಂಕಾರವಲ್ಲ. ಅದನ್ನು ಮುಚ್ಚಿಡುವುದನ್ನು ವಿನಯವೆಂದು ಕರೆಯಲು ನನಗಂತೂ ಮನಸ್ಸಿಲ್ಲ.

ವಿಜಯಪುರದ ಕಾಲೇಜುಗಳಿಗೆ ತಿಕೋಟಾ, ಬಬಲೇಶ್ವರಗಳಿಂದ ದಿನವೂ ಬಸ್ಸಿನಲ್ಲಿ ಬರುವ ವಿದ್ಯಾರ್ಥಿಗಳನ್ನು ನೋಡಿರಿ. ತಿಕೋಟಾ ಸೀಮೆಯೆಂದರೆ ದ್ರಾಕ್ಷಿಯ ಸೀಮೆ. ಬಿ.ಕಾಂ. ಓದುವ ಹುಡುಗನೊಬ್ಬ ರಜೆಯಲ್ಲಿ ಒಣದ್ರಾಕ್ಷಿ ಶೆಡ್ಡಿನಲ್ಲಿ ನಿಂತು ಆಳುಗಳ ಹಾಜರಿ ಬರೆದಿರುತ್ತಾನೆ, ಶೀತಲಗೃಹದಲ್ಲಿಟ್ಟ ಮಾಲಿನ ಲೆಕ್ಕ ಇಟ್ಟಿರುತ್ತಾನೆ, ಸಾಂಗ್ಲಿ-ತಾಸಗಾಂವ್ ಮಾರುಕಟ್ಟೆಯಲ್ಲಿ ಅಡತಿಯವರೊಡನೆ ಮರಾಠಿಯಲ್ಲಿ ದರ ಮಾತಾಡಿರುತ್ತಾನೆ ಎಂದಿಟ್ಟುಕೊಳ್ಳೋಣ. ಕನ್ನಡ, ಉರ್ದು, ಹಿಂದಿ, ಮರಾಠಿ ನಾಲ್ಕೂ ಅವನ ನಾಲಿಗೆಯ ಮೇಲಿವೆ. ಅವನ ಬಯೋಡೇಟಾದಲ್ಲಿ ಇದೊಂದೂ ಇರುವುದಿಲ್ಲ. ಹೊಲದ ಕೆಲಸವನ್ನು ಬರೆಯಲು ನಾಚಿಕೆ! ಅದರ ಬದಲು ತಾನು ಕಲಿಯದ ಕಂಪ್ಯೂಟರ್ ಕೋರ್ಸಿನ ಪ್ರಮಾಣಪತ್ರ, ಕಾಲಿಡದ ಸಂಸ್ಥೆಯೊಂದರಲ್ಲಿ ಆರು ತಿಂಗಳ ಅನುಭವ.

ಪ್ರವಾದಿ(ಸ)ರವರು ಮಾರುಕಟ್ಟೆಯಲ್ಲಿ ಧಾನ್ಯದ ರಾಶಿಯೊಳಗೆ ಕೈ ಹಾಕಿ ನೋಡಿದಾಗ ಒಳಗೆ ತೇವವಿದ್ದ ಪ್ರಸಂಗ ಎಲ್ಲರಿಗೂ ತಿಳಿದದ್ದು. ಮಳೆಗೆ ನೆನೆಯಿತೆಂದು ವ್ಯಾಪಾರಿ ಹೇಳಿದ. ಹಾಗಾದರೆ ಜನರಿಗೆ ಕಾಣುವಂತೆ ಅದನ್ನು ಮೇಲೆಯೇ ಇಡಬೇಕಿತ್ತೆಂದು ಅವರು ಹೇಳಿದರು. ಒಣದ್ರಾಕ್ಷಿ ಮಾರುವವರ ಮಕ್ಕಳಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಕೊಳ್ಳುವವನು ಮೇಲಿನ ಪದರವನ್ನು ನೋಡಿ ಬೆಲೆ ಕಟ್ಟುವುದಿಲ್ಲ. ನಮ್ಮ ಹುಡುಗನದು ಇನ್ನೂ ವಿಚಿತ್ರ. ಅವನು ಒಣಗಿದ ಒಳ್ಳೆಯ ಮಾಲನ್ನು ಕೆಳಗೆ ಬಚ್ಚಿಟ್ಟು ನೆನೆದದ್ದನ್ನು ಮೇಲೆ ಹರಡಿದ್ದಾನೆ.

ಆದ್ದರಿಂದ ಸಿದ್ಧತೆಯೆಂದರೆ ಮೊದಲು ತನ್ನ ರಾಶಿಗೆ ತಾನೇ ಕೈ ಹಾಕುವುದು. ಬರೆದ ಒಂದೊಂದು ಸಾಲಿನ ಬಗ್ಗೆಯೂ ಐದು ನಿಮಿಷ ಮಾತನಾಡಬಲ್ಲೆನೇ ಎಂದು ಕೇಳಿಕೊಳ್ಳಿರಿ. ಮಾತನಾಡಲಾಗದ ಸಾಲನ್ನು ಹೊಡೆದುಹಾಕಿರಿ, ಇಲ್ಲವೇ ಆ ವಿದ್ಯೆಯನ್ನು ನಿಜವಾಗಿ ಕಲಿಯಿರಿ. ಕೊನೆಯ ವರ್ಷದ ಮೊದಲಲ್ಲೇ ಹೀಗೆ ಮಾಡಿದರೆ ಕಲಿಯಲು ಸಮಯವೂ ಉಳಿದಿರುತ್ತದೆ.

ಸುಳ್ಳು ಅನುಭವಪತ್ರದ ಹೊಣೆ ಹುಡುಗನದೊಂದೇ ಅಲ್ಲ. ಲೆಟರ್‌ಹೆಡ್ಡಿಗೆ ಸಹಿ ಹಾಕಿಕೊಡುವ ಹಿರಿಯರೂ ಇದ್ದಾರೆ. "ನಮ್ಮ ಹುಡುಗ, ಪಾಪ, ಒಂದು ದಾರಿಯಾಗಲಿ" ಎಂದು ಅವರು ಅದನ್ನು ಪುಣ್ಯವೆಂದೇ ಭಾವಿಸುತ್ತಾರೆ. ಬಿಜಾಪುರದ ಆದಿಲ್‌ಶಾಹಿ ಮನೆತನದ ಸ್ಥಾಪಕ ಯೂಸುಫ್ ಆದಿಲ್ ಖಾನ್ ಯಾರ ಆಶ್ರಯದಲ್ಲಿ ಮೇಲೆ ಬಂದನೋ ಆ ಬಹಮನಿ ಮಂತ್ರಿ ಮಹಮೂದ್ ಗಾವಾನನ ಅಂತ್ಯವನ್ನು ಇವರು ನೆನೆಯಬೇಕು. ಖಾಲಿ ಕಾಗದವೊಂದಕ್ಕೆ, ಏನು ಎತ್ತ ಎಂದು ಕೇಳದೆ, ಅವನ ಮೊಹರು ಬಿತ್ತು ಎಂದು ಚರಿತ್ರಕಾರರು ಹೇಳುತ್ತಾರೆ. ವೈರಿಗಳು ಅದರಲ್ಲಿ ರಾಜದ್ರೋಹದ ಪತ್ರವನ್ನು ಬರೆದರು. ಸುಲ್ತಾನನು ಅದನ್ನು ನಂಬಿ 1481ರಲ್ಲಿ ಅವನನ್ನು ಕೊಲ್ಲಿಸಿದನು. ಮೊಹರು ಹಾಕಿಕೊಟ್ಟವನು ಅಷ್ಟು ದೂರ ಯೋಚಿಸಿರಲಾರ.

ಒಳ್ಳೆಯ ಶಿಫಾರಸು ಬೇರೆ. ಮದ್‌ಯನ್‌ನಲ್ಲಿ ಪ್ರವಾದಿ ಮೂಸಾ(ಅ) ಯಾರೂ ಕೇಳದೆಯೇ ಇಬ್ಬರು ಸ್ತ್ರೀಯರ ಕುರಿಗಳಿಗೆ ನೀರುಣಿಸಿದರು. ಅವರಲ್ಲೊಬ್ಬಳು ತಂದೆಯೊಡನೆ ಇವರನ್ನು ಕೆಲಸಕ್ಕಿಟ್ಟುಕೊಳ್ಳಲು ಹೇಳಿದಳು. ಬಲ ಮತ್ತು ಪ್ರಾಮಾಣಿಕತೆ ಎಂಬ ಎರಡು ಕಾರಣಗಳನ್ನು ಕೊಟ್ಟಳು. ಅವಳು ಕಣ್ಣಾರೆ ಕಂಡವಳು. ಒಳ್ಳೆಯ ಶಿಫಾರಸಿನಲ್ಲಿ ಪಾಲಿರುವಂತೆ ಕೆಟ್ಟದ್ದರಲ್ಲೂ ಪಾಲಿದೆಯೆಂದು ಕುರ್‌ಆನ್ (ಅನ್ನಿಸಾ: 85) ತಿಳಿಸುತ್ತದೆ.

"ಸತ್ಯ ಹೇಳಿದವನು ಹಿಂದೆ ಬೀಳುತ್ತಾನಲ್ಲ!" ಎಂದು ಯುವಕರು ಕೇಳುತ್ತಾರೆ. ಈ ಆಕ್ಷೇಪವನ್ನು ಹಗುರವಾಗಿ ತಳ್ಳಿಹಾಕಬಾರದು. ವಿಜಯಪುರ ಜಿಲ್ಲೆ ಹಿಂದುಳಿದಿದ್ದರೂ ಕಲ್ಯಾಣ ಕರ್ನಾಟಕದ 371(ಜೆ) ಮೀಸಲಾತಿಯ ಗಡಿಯ ಹೊರಗಿದೆ. ಪಕ್ಕದ ಕಲಬುರಗಿಯವರಿಗಿರುವ ಅನುಕೂಲ ಇಲ್ಲಿಯವರಿಗಿಲ್ಲ. ಇನ್ನು ಮೋಸ ಮಾಡಿದವರಿಂದ ಪ್ರಾಮಾಣಿಕರು ಪಟ್ಟ ಪಾಡನ್ನು 545 ಪಿಎಸ್‌ಐ ಹುದ್ದೆಗಳ ನೇಮಕಾತಿಯಲ್ಲಿ ಕಂಡೆವು. 2021ರ ಅಕ್ಟೋಬರ್‌ನಲ್ಲಿ ಐವತ್ತು ಸಾವಿರಕ್ಕೂ ಹೆಚ್ಚು ಮಂದಿ ಪರೀಕ್ಷೆ ಬರೆದರು. ಅಕ್ರಮ ಬಯಲಾಗಿ 2022ರ ಏಪ್ರಿಲ್‌ನಲ್ಲಿ ನೇಮಕಾತಿ ರದ್ದಾಯಿತು. ಮರುಪರೀಕ್ಷೆ ನಡೆದದ್ದು 2024ರ ಜನವರಿಯಲ್ಲಿ. ಸ್ವಂತ ಶ್ರಮದಿಂದ ಆಯ್ಕೆಯಾಗಿದ್ದವರೂ ಮತ್ತೆ ಪುಸ್ತಕ ಹಿಡಿಯಬೇಕಾಯಿತು. ಸತ್ಯಕ್ಕೆ ಇಹದಲ್ಲಿ ಕೂಡಲೇ ಸಂಬಳ ಸಿಗುತ್ತದೆಂದು ಭರವಸೆ ಕೊಡುವವರು ಯುವಕರನ್ನು ವಂಚಿಸುತ್ತಾರೆ. ಆದರೆ ಆ ನಷ್ಟಕ್ಕೆ ಮೂಲ ಯಾವುದು? ತಾನು ಬರೆಯದ ಉತ್ತರಕ್ಕೆ ತನ್ನ ಹೆಸರು ಹಾಕಿದ ಕೆಲವರು. ಸುಳ್ಳು ಅನುಭವಪತ್ರವೂ ಅದೇ ಜಾತಿಯದು. ಅದು ಹೆಸರು ಗೊತ್ತಿಲ್ಲದ ಇನ್ನೊಬ್ಬ ಹುಡುಗನ ಹಕ್ಕನ್ನು ಕಸಿಯುತ್ತದೆ. ಅವನೂ ಬಬಲೇಶ್ವರದ ಬಸ್ಸಿನಿಂದಲೇ ಇಳಿದವನಿರಬಹುದು.

ಉದ್ಯೋಗ ಸಿಗುವ ಮೊದಲೇ ಈ ಪರೀಕ್ಷೆ ಕೆಲವರ ಮುಂದೆ ಬಂದಿದೆ. 2024ರ ಜನವರಿಯಲ್ಲಿ ಆರಂಭವಾದ ಯುವನಿಧಿಯಲ್ಲಿ ಕೆಲಸ ಸಿಗದ ಪದವೀಧರರಿಗೆ ತಿಂಗಳಿಗೆ 3,000 ರೂಪಾಯಿ, ಡಿಪ್ಲೊಮಾದವರಿಗೆ 1,500 ರೂಪಾಯಿ, ಗರಿಷ್ಠ ಎರಡು ವರ್ಷ. ತಾನಿನ್ನೂ ನಿರುದ್ಯೋಗಿಯೆಂದು ಫಲಾನುಭವಿಯೇ ಕಾಲಕಾಲಕ್ಕೆ ಘೋಷಿಸಬೇಕು. ಅಂಗಡಿಯೊಂದರಲ್ಲಿ ಸಣ್ಣ ಸಂಬಳಕ್ಕೆ ಸೇರಿದ ಹುಡುಗ ಸಂಜೆ ಬಸ್ಸಿಗೆ ಕಾಯುತ್ತ ಮೊಬೈಲ್ ತೆರೆದು ಅದೇ ಪ್ರಶ್ನೆಯನ್ನು ಓದುತ್ತಾನೆ. ಪಕ್ಕದಲ್ಲಿ ನಿಂತವರಾರೂ ಅವನ ಬೆರಳನ್ನು ನೋಡುತ್ತಿರುವುದಿಲ್ಲ.